ಶೋಕಿ ಕಾರು

ಕಂತು ಕಟ್ಟಲಾಗದೆ ದೊಡ್ಡ ಕಾರು ಬ್ಯಾಂಕಿನ ಪಾಲಾದ ಮೇಲೆ, ಗಂಡ ಹೆಂಡತಿ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗೆ ಬಂದಿದ್ದರು. ಅವನು ಅಗ್ಗದ ಕೆಂಪು ಸ್ಪೋರ್ಟ್ಸ್ ಕಾರೊಂದರ ಮುಂದೆ ನಿಂತುಬಿಟ್ಟ.

“ಎರಡೇ ಬಾಗಿಲು ಕಣ್ರೀ. ಮಕ್ಕಳು ಹಿಂದಕ್ಕೆ ಹೇಗೆ ತೂರ್ತಾರೆ?”

“ತೂರ್ಕೋತಾರೆ ಬಿಡೇ. ಸಣ್ಣ ಕಾರು ತಗೊಂಡ್ರೆ ಬೀದಿಯೋರು ‘ಪಾಪ, ಕೈ ಬರಿದಾಯ್ತು’ ಅಂತಾರೆ. ಇದಾದ್ರೆ ‘ಈ ವಯಸ್ಸಲ್ಲಿ ಶೋಕಿ ನೋಡು’ ಅಂತ ಬೈತಾರೆ. ಬೈಸ್ಕೊಳ್ಳೋದೇ ವಾಸಿ.”

ಮನೆಮುಂದೆ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಪೂಜೆ ಮುಗಿಸಿದವನೇ, ಎದುರುಮನೆಯ ಚನ್ನಬಸಪ್ಪನವರಿಗೆ ಪೇಡ ಕೊಟ್ಟ.

“ದೊಡ್ಡದು ಬೇಜಾರಾಗಿತ್ತು ಸರ್. ಯಾರಿಗೋ ಮಾರಿಬಿಟ್ಟೆ.”

ಅವರು ಅವನ ಹೆಗಲ ಮೇಲೆ ಕೈಯಿಟ್ಟು ದನಿ ತಗ್ಗಿಸಿದರು.

“ಬ್ಯಾಂಕಿನ ಹರಾಜಲ್ಲಿ ಅದನ್ನ ನಾನೇ ಹಿಡಿದೆ ಕಣಪ್ಪ. ನೀನು ನೋಡಿದ್ರೆ ನೊಂದ್ಕೋತೀಯ ಅಂತ ತಂಗಿ ಮನೇಲಿ ನಿಲ್ಲಿಸಿದ್ದೀನಿ.”