ಈಜುಕೊಳದಲ್ಲಿ ಜಾಗಟೆ

"ನಾತ ಬಂದ್ರೆ ಮೂಗು ಮುಚ್ಕೊಂಡು ತಿನ್ನೋಕ್ಹೇಳು. ಸಿಪಾಯಿಗಳೇನು ಮದುವೆ ಊಟಕ್ಕೆ ಬಂದಿದಾರಾ?" ಮೇಜರ್ ಪೆಲ್ಲಿಂಗ್ ಕೊಳೆತ ಮೀನಿನ ತಟ್ಟೆಯನ್ನು ಆಚೆ ತಳ್ಳಿದ. ಅದನ್ನು ಕೆಳಗಿನಿಂದ ತಂದು ತೋರಿಸಿದ್ದ ಹಡಗಿನ ಮಾಣಿ ವಿಲ್ಫ್‌ಗೆ ಮೈಯೆಲ್ಲ ಉರಿದುಹೋಯಿತು.

ಯುದ್ಧಕ್ಕೆ ಮುಂಚೆ ಈ ಹಡಗಿನಲ್ಲಿ ಸಾಹುಕಾರರು ವಿಹಾರಕ್ಕೆ ಹೋಗುತ್ತಿದ್ದರು. ಹೊತ್ತಿಗೆ ಸರಿಯಾಗಿ ಕ್ಯಾಬಿನ್‌ಗಳ ಮುಂದೆ ಜಾಗಟೆ ಬಾರಿಸಿ ಅವರನ್ನು ಊಟಕ್ಕೆ ಕರೆಯುವುದು ವಿಲ್ಫ್‌ನ ಕೆಲಸ. ಈಗ ಹಡಗು ಸೈನ್ಯ ಸಾಗಿಸುತ್ತಿತ್ತು; ಅಧಿಕಾರಿಗಳಿಗೂ ಅದೇ ಜಾಗಟೆ, ಅದೇ ಬೆಳ್ಳಿ ಚಮಚ. ಸಿಪಾಯಿಗಳು ಮಾತ್ರ ಲಿವರ್‌ಪೂಲ್ ಬಂದರು ಬಿಟ್ಟಾಗಿನಿಂದ, ನೀರು ತೆಗೆದ ಈಜುಕೊಳದಲ್ಲಿ ಮೂಟೆಗಳಂತೆ ಒತ್ತೊತ್ತಾಗಿ ಬಿದ್ದಿದ್ದರು.

"ಮುಖ ಏನ್ ನೋಡ್ತೀಯೋ? ಹೋಗಿ ಜಾಗಟೆ ಬಾರಿಸು. ಹೊಟ್ಟೆ ಹಸೀತಿದೆ."

"ಆಗ್ಲಿ ಸಾರ್. ಬಾರಿಸ್ತೀನಿ."

ಜಾಗಟೆ ಎತ್ತಿಕೊಂಡ ವಿಲ್ಫ್ ಕ್ಯಾಬಿನ್‌ಗಳ ಕಡೆ ತಿರುಗಲೇ ಇಲ್ಲ; ದಡದಡನೆ ಕೆಳಗಿಳಿದ. ಕೊಳದ ಅಂಚಿನಲ್ಲಿ ನಿಂತು ಎದೆಯ ಸಿಟ್ಟನ್ನೆಲ್ಲ ಕೋಲಿಗೆ ತುಂಬಿ ಬಾರಿಸಿದ. ಮಲಗಿದ್ದವರೆಲ್ಲ ಗಡಬಡಿಸಿ ಎದ್ದರು.

"ಯಾಕಪ್ಪಾ, ಹಡಗು ಮುಳುಗ್ತಿದ್ಯಾ?" ಎಂದು ಒಬ್ಬ ಕೂಗಿದ.

ವಿಲ್ಫ್ ಅಂಗಿಯ ಕಾಲರು ಸರಿಮಾಡಿಕೊಂಡು, ಹಿಂದೆ ಸಾಹುಕಾರರ ಮುಂದೆ ಬಾಗುತ್ತಿದ್ದ ಹಾಗೆಯೇ ಸೊಂಟ ಬಗ್ಗಿಸಿದ.

"ಇಲ್ಲ, ಮಹನೀಯರೇ. ಊಟಕ್ಕೆ ಏಳಬೇಕು. ಎಲ್ಲರೂ ಮೇಲೆ ಬನ್ನಿ, ಮೇಜರ್ ಸಾಹೇಬ್ರು ಆಗ್ಲೇ ಕೂತಿದಾರೆ."