ಕಾಕುವಿಗೆ ಒಪ್ಪಿಸಿದ ದಾಸವಾಳ

ಹೊಸ ಸೊಸೆಯ ಕೈಗುಣ ಕೆಟ್ಟದ್ದು, ಅದಕ್ಕೇ ಹಿತ್ತಲ ದಾಸವಾಳ ಸತ್ತಿತು ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಹೇಳಲಿ. ಆದರೆ ಸಾಕ್ಷಿ ಏನು? ಯರಗಟ್ಟಿಯ ಗೊಬ್ಬರದಂಗಡಿಯ ಮುಂದೆ ಹಾದಾಗಲೆಲ್ಲ ಹುಳದ ಔಷಧದ ಘಾಟು ಮೂಗಿಗೆ ಬಡಿದು ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಮದುವೆಯಾಗಿ ಬಂದ ನನ್ನ ಚಿಕ್ಕಮ್ಮ ಕಾಕುವಿಗೆ ಆಯಿ, ಅಂದರೆ ನನ್ನ ಅಜ್ಜಿ, ಮೊದಲು ಒಪ್ಪಿಸಿದ್ದೇ ಆ ಗಿಡವನ್ನು. "ಇದು ಹೂ ಬಿಟ್ಟರ ನೀನೂ ಈ ಮನ್ಯಾಗ ಬೇರೂರಿದಂಗ ನೋಡವಾ," ಅಂದಿದ್ದಳು. ಕಾಕು ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು. ಕಾಂಡಕ್ಕೆ ಹತ್ತಿದ ಬಿಳಿ ಹಿಟ್ಟಿನಂಥ ಹುಳವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

ಆ ಮಧ್ಯಾಹ್ನ ಆಯಿ ಮನೆಯಲ್ಲಿರಲಿಲ್ಲ, ನಾನು ಹಿತ್ತಲಲ್ಲೇ ಆಡುತ್ತಿದ್ದೆ. ಸುಡುಬಿಸಿಲಲ್ಲಿ ಕಾಕುವಿನ ಗಂಡ ಕಾಕಾ ಹತ್ತಿ ಹೊಲದಿಂದ ಔಷಧದ ಪಂಪು ಹೊತ್ತು ಬಂದ.

"ಒರಸ್ಕೋತ ಕುಂತ್ರ ಹುಳ ಸಾಯ್ತಾವೇನ? ಸರಿ ಆಕಡೆ."

"ಇಷ್ಟ ಬಿಸಲಾಗ ಬ್ಯಾಡ್ರಿ, ಎಲಿ ಸುಡತಾವ."

"ಒಕ್ಕಲುತನ ನನಗ ಕಲಸ್ತೀಯೇನ?" ಎಂದು ನಕ್ಕು, ಉಳಿದಿದ್ದ ಔಷಧವನ್ನೆಲ್ಲ ಹೊಡೆದ. ಕಾಂಡದ ಇರುವೆಗಳು ಸಾಸಿವೆಯಂತೆ ಉದುರಿದವು.

ಸಂಜೆ ಆಯಿ ಬರುವಷ್ಟರಲ್ಲಿ ಎಲೆಗಳು ಕಂದಿ ಸುರುಟಿದ್ದವು. ಅವಳು ಒಂದು ಮೊಗ್ಗು ಮುಟ್ಟಿದಳು, ಅದು ಕೈಗೇ ಕಳಚಿ ಬಂತು.

"ಈಕಿ ಕೈ ಹತ್ತಿದ್ದು ಉಳಿಯೂದಿಲ್ಲ. ನಾಳಿನ ಬಸ್ಸಿಗೆ ತವರಿಗೆ ಬಿಟ್ಟ ಬಾ," ಅಂದಳು ಕಾಕಾನಿಗೆ.

ಕಾಕು ಗಂಡನ ಮುಖವನ್ನೇ ನೋಡಿದಳು. ಅವನು ಪಂಪನ್ನು ಕಾಲಿನಿಂದ ಕೊಟ್ಟಿಗೆಯೊಳಕ್ಕೆ ಸರಿಸಿ, ಸಾಬೂನು ಹಚ್ಚಿ ಕೈ ತಿಕ್ಕುತ್ತಲೇ ಇದ್ದ.

ಎಲ್ಲರ ಮುಂದೆ ನಾನೇ ಕೇಳಿದೆ: "ಕಾಕಾ, ಔಷಧ ಹೊಡದವ ನೀನ, ಅದನ್ನ ಯಾಕ ಹೇಳವಲ್ಲಿ?"