ಗಿಳಿ ತಂಗಿಯಾದದ್ದು

ಟೊಂಗಾದ ಎವುವ ದ್ವೀಪದಲ್ಲಿ, ಕೆಲೇಪಿಯ ಮನೆತನದ ಮರ್ಯಾದೆಯನ್ನೇ ಅಲುಗಾಡಿಸುವಂಥ ಘಟನೆಯೊಂದು ಸೋಮವಾರ ಬೆಳಿಗ್ಗೆ ನಡೆದುಹೋಯಿತು. ಅವನ ಗಿಳಿ ಮೊಟ್ಟೆಯಿಟ್ಟಿತು.

ಹತ್ತು ವರ್ಷದ ಹಿಂದೆ ಮರಿಯಾಗಿದ್ದಾಗ ತಂದು, ತಾಮ, ಅಂದರೆ ಹುಡುಗ, ಎಂದು ಹೆಸರಿಟ್ಟು ತಮ್ಮನ ಹಾಗೆ ಸಾಕಿದ ಹಕ್ಕಿ. ಆ ಕೆಂಪೆದೆಯ ಗಿಳಿಗಳಲ್ಲಿ ಗಂಡೂ ಹೆಣ್ಣೂ ನೋಡಲು ಒಂದೇ. ಮೀಸೆ ಮೂಡಿದಂದಿನಿಂದ ಕೆಲೇಪಿಯ ವಾಸ ಹಿತ್ತಲಿನ ಗಂಡಸರ ಗುಡಿಸಲಲ್ಲಿ. ಅಲ್ಲಿನ ಪದ್ಧತಿಯಂತೆ ತಂಗಿಯಿರುವ ಸೂರಿನಡಿ ಅಣ್ಣ ಮಲಗುವಂತಿಲ್ಲ. ಅವಳ ಕಿವಿಗೆ ಬೀಳುವಂತೆ ಒಂದು ಪೋಲಿ ಮಾತು ಆಡುವಂತಿಲ್ಲ. ಆದ್ದರಿಂದ ಅವನು ತನ್ನ ಬೈಗುಳವನ್ನೆಲ್ಲ ಗುಡಿಸಲಲ್ಲೇ ಖರ್ಚು ಮಾಡುತ್ತಿದ್ದ. ಮತ್ತೇರಿಸುವ ಕಾವಾ ಬೇರಿನ ರಸ ಕುಡಿಯಲು ಬರುವ ಗೆಳೆಯರೂ ಆ ವಿಷಯದಲ್ಲಿ ಧಾರಾಳಿಗಳೇ. ತಾಮ ಒಂದನ್ನೂ ಮರೆತಿರಲಿಲ್ಲ. ಎಲ್ಲವನ್ನೂ ಕೆಲೇಪಿಯ ದನಿಯಲ್ಲೇ ಒಪ್ಪಿಸುತ್ತಿತ್ತು.

ಸುದ್ದಿ ಕೇಳಿದ ಸೋದರತ್ತೆ ವಾಸೀತಿ ಗೌರವದ ಸಂದರ್ಭಕ್ಕೆ ಉಡುವ ಚಾಪೆಯನ್ನು ಸೊಂಟಕ್ಕೆ ಬಿಗಿದುಕೊಂಡು, ಸಾವಿನ ಮನೆಗೆ ಹೊರಟವಳಂತೆ ಬಂದಳು. ಸೋದರತ್ತೆಯ ಮಾತಿಗೆ ಎದುರಿಲ್ಲ.

"ಎಲ್ಲೋ ನಿನ್ನ ತಂಗಿ?"

"ಸೇಯಿನಿ ದೊಡ್ಡ ಮನೇಲಿದಾಳಲ್ಲ ಅತ್ತೆ."

"ಅವಳಲ್ಲ ಕಣೋ, ಈ ರೆಕ್ಕೆಯವಳು."

ಕೆಲೇಪಿ ಮೊಟ್ಟೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ಇವನು ಹಕ್ಕಿ ಅತ್ತೆ."

"ನನ್ನ ತಮ್ಮ, ನನ್ನ ತಮ್ಮ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ದಾಗ ಹಕ್ಕಿ ಅನ್ನೋದು ನೆನಪಿರ್ಲಿಲ್ವಾ? ತಮ್ಮ ಆಗೋದಾದ್ರೆ ತಂಗೀನೂ ಆಗ್ತಾಳೆ. ಹೆಣ್ಣುಮಗಳನ್ನ ಗಂಡಸರ ಮಧ್ಯೆ ಇಟ್ಕೊಂಡಿದೀಯಲ್ಲೋ! ಇವತ್ತೇ ದೊಡ್ಡ ಮನೆಗೆ ಕಳಿಸು."

"ಅಲ್ಲಿಗೆ ಹೋದ್ರೆ ಇವನು... ಇವಳು ಬಾಯಿ ಬಿಡ್ತಾಳೆ ಅತ್ತೆ! ಸೇಯಿನಿ ಮುಂದೆ! ನನ್ನ ದನೀಲಿ!"

"ಅಂಥದ್ದೇನಂತಾಳೆ?"

ಗಿಳಿಯೇ ಹೇಳಿತು. ವಾಸೀತಿ ಬೀಸಣಿಗೆಯಿಂದ ಮುಖ ಮರೆಮಾಡಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು. "ಇನ್ನಷ್ಟು ಕಲಿಯೋಕೆ ಮುಂಚೆ ಕಳಿಸು," ಎಂದಳು.

ಗಿಳಿಯನ್ನು ಮೊಟ್ಟೆಯ ಸಮೇತ ಅತ್ತೆಯೇ ಒಯ್ದಳು. ಕೆಲೇಪಿ ಇಡೀ ದಿನ ಗೆಣಸಿನ ತೋಟದಲ್ಲಿ ತಲೆಮರೆಸಿಕೊಂಡಿದ್ದ. ಸೇಯಿನಿಯ ಗಂಡ ಮೀನಿಗೆ ಹೋದವನು ಕಡಲಿನಿಂದ ಮರಳದೆ, ಅವಳು ತವರಿಗೆ ಬಂದು ವರ್ಷವಾಗಿತ್ತು. ಆ ಬಗ್ಗೆ ಅಣ್ಣ ತಂಗಿ ಒಂದು ಮಾತೂ ಆಡಿರಲಿಲ್ಲ. ಅಂಥದ್ದನ್ನು ಎದುರು ಕೂತು ಆಡುವ ಪದ್ಧತಿಯಿಲ್ಲ. ಈಗ ತನ್ನ ದನಿಯಲ್ಲಿ ಅವಳು ಮೊದಲು ಕೇಳುವುದು ಆ ಹೊಲಸನ್ನೇ? ನಾಳೆಯಿಂದ ಅವಳ ಮುಖ ನೋಡುವುದು ಹೇಗೆ?

ಸಂಜೆ, ಕೆಸುವಿನೆಲೆಯ ಕಟ್ಟನ್ನು ದೊಡ್ಡ ಮನೆಯ ಬಾಗಿಲಲ್ಲಿಟ್ಟು ಓಡಿಬಿಡೋಣವೆಂದು ಬಂದ. ಒಳಗೆ ಸೇಯಿನಿ ಪಾತ್ರೆ ತೊಳೆಯುತ್ತಿದ್ದಳು. ಗಿಳಿ ಗಂಟಲು ಸರಿಮಾಡಿಕೊಂಡಿತು. ಕೆಲೇಪಿ ಕಣ್ಣು ಮುಚ್ಚಿದ.

"ಇವತ್ತೂ ಸೇಯಿನಿ ಅತ್ಲೇನೋ, ತಾಮ?"

ಅವನದೇ ದನಿ. ಒಂದು ವರ್ಷದಿಂದ ದೀಪ ಹಚ್ಚುವ ಹೊತ್ತಿಗೆ ಗುಡಿಸಲಿನ ಬಾಗಿಲಲ್ಲಿ ಕೂತು, ದೊಡ್ಡ ಮನೆಯ ಕಡೆ ನೋಡುತ್ತ, ಅವನು ಗಿಳಿಯನ್ನು ಕೇಳುತ್ತಿದ್ದ ಮಾತು. ಬೇರೆ ಯಾರನ್ನೂ ಕೇಳುವಂತಿರಲಿಲ್ಲ.

ಪಾತ್ರೆಯ ಸದ್ದು ನಿಂತಿತು.

"ಸ್ವಲ್ಪ," ಎಂದು ಸೇಯಿನಿ ಗಿಳಿಗೆ ಹೇಳಿದಳು. "ಮಧ್ಯಾಹ್ನ."

ಗಿಳಿ ದೊಡ್ಡ ಮನೆಯಲ್ಲೇ ಉಳಿಯಿತು.